ಜಿಗಿ ಐತೇನ್ರಿ?

ನಮ್ಮ ಜೋಳ ಕೊಂಡವರಲ್ಲಿ ಸಾವಯವ ಸರ್ಟಿಫಿಕೇಟ್ ಕೇಳಿದವರು ಕಡಿಮೆ. "ಜಿಗಿ ಐತೇನ್ರಿ?" ಅಂತ ಕೇಳದವರು ಒಬ್ಬರೂ ಇಲ್ಲ. ಜಿಗಿ ಅಂದರೆ ಹಿಟ್ಟು ಹರಿಯದೆ ಜಗ್ಗುವ ಅಂಟಿನ ಗುಣ. ನಾನು ಹೋದ ತರಬೇತಿಗಳಲ್ಲಿ ಬ್ರ್ಯಾಂಡು, ಪ್ಯಾಕಿಂಗು, ಲೋಗೊ ಅಂತ ಬಹಳ ಹೇಳಿದರು. ಜಿಗಿಯ ಸುದ್ದಿ ಯಾರೂ ಎತ್ತಲಿಲ್ಲ. ಅದು ಗೊತ್ತಾಗಿದ್ದು ಹೋದ ಸುಗ್ಗಿಯ ಒಂದು ಭಾನುವಾರ, ವಿಜಯಪುರದ ಒಂದು ಕಾಲೊನಿಯಲ್ಲಿ.

ನಮ್ಮದು ಡೋಣಿ ನದಿ ಸೀಮೆಯ ಎರಿ ಹೊಲ, ಅಂದರೆ ಕಪ್ಪು ಮಣ್ಣಿನ ಹೊಲ. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಅಂತ ನಮ್ಮ ಕಡೆ ಮಾತೇ ಇದೆ. ನೀರಾವರಿ ಇಲ್ಲ. ಸೆಪ್ಟೆಂಬರ್ ಕೊನೆಗೆ ಮಾಲದಂಡಿ ತಳಿಯ ಜೋಳ ಬಿತ್ತಿದರೆ ಮಣ್ಣಿನೊಳಗಿನ ಹಸಿ ಮೇಲೇ ಬೆಳೆ ಬರಬೇಕು. ನಿಜ ಹೇಳಬೇಕೆಂದರೆ ಹಿಂಗಾರಿ ಜೋಳಕ್ಕೆ ನಮ್ಮಲ್ಲಿ ಮೊದಲೂ ಔಷಧ ಹೊಡೆಯುತ್ತಿದ್ದುದು ಅಷ್ಟಕ್ಕಷ್ಟೇ. ಡಿಎಪಿ ಬಿಟ್ಟು ತಿಪ್ಪೆ ಗೊಬ್ಬರ ಹಾಕಿದೆವು, ಬೀಜ ಮನೆಯದೇ ಇಟ್ಟುಕೊಂಡೆವು, ಬದುವಿನ ಗುಂಟ ಕುಸುಬಿಯ ಅಕ್ಕಡಿ ಸಾಲು ಹಾಕಿದೆವು. ಅದರ ಮುಳ್ಳಿಗೆ ದನ ಒಳಗೆ ಬರುವುದಿಲ್ಲ, ಎಣ್ಣೆಗೂ ಆಯಿತು. ಬೆಳೆಯುವುದರಲ್ಲಿ ದೊಡ್ಡ ಸಾಹಸವೇನೂ ಇರಲಿಲ್ಲ. ತಲೆಬೇನೆ ಶುರುವಾಗಿದ್ದು ಮಾರುವಾಗ. ಅಡತಿ ಅಂಗಡಿಯವರು ಒಂದು ಹಿಡಿ ಕಾಳು ನೋಡಿ, "ಸಾವಯವ ಆದ್ರೇನು, ರಾಶಿಗೆ ಬಿದ್ದ ಮ್ಯಾಲೆ ಎಲ್ಲಾ ಒಂದೇ" ಅಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ರಾಶಿಗೆ ಸುರಿದ ಮೇಲೆ ನನ್ನ ಕಾಳು ಯಾವುದು ಅಂತ ನಾನೂ ಹೇಳಲಾರೆ.

ಹಾಗಾಗಿ ಆ ಭಾನುವಾರ ಚೀಲಗಳನ್ನು ಟಂಟಂ ಆಟೊದಲ್ಲಿ ಹಾಕಿಕೊಂಡು ಸಂಬಂಧಿಕರ ಮನೆಯ ಪಡಸಾಲೆಗೆ ಹೋದೆವು. ಜೊತೆಗೆ ಅವ್ವ, ಅವಳ ಹಂಚು, ಹಿಂದಿನ ಸಂಜೆ ಬೀಸಿಸಿದ ಹಿಟ್ಟು. ನಾನು ಒಂದು ಪಾಂಪ್ಲೆಟ್ ಕೂಡ ಮಾಡಿಸಿದ್ದೆ. ಅದರ ಮೇಲೆ ಎರೆಹುಳುವಿನ ಚಿತ್ರ. ಜನ ಅದನ್ನು ಮಡಚಿ ಗಾಳಿ ಹಾಕಿಕೊಂಡರು.

ಮೊದಲು ಬಂದವರು ಒಬ್ಬ ನಿವೃತ್ತ ಟೀಚರ್. ಕಾಳು ಬಾಯಿಗೆ ಹಾಕಿ ಕಡಿದರು. ಕಟ್ ಅಂತು. ಒಣಗಿದೆ ಅಂತ ಅವರಿಗೆ ಗೊತ್ತಾಯಿತು. ಆಮೇಲೆ ಅವ್ವನನ್ನು ಸರಿಸಿ ತಾವೇ ಹಿಟ್ಟಿನ ಮುಂದೆ ಕೂತರು. ಬೇರೆಯವರು ಬಡಿದ ರೊಟ್ಟಿ ನೋಡಿ ನಂಬುವ ಪೈಕಿ ಅಲ್ಲ ಅವರು! ಪರಾತದಲ್ಲಿ ಹಿಟ್ಟಿನ ನಡುವೆ ಗುಂಡಿ ಮಾಡಿ ಕುದಿಯುವ ನೀರು ಹಾಕಿದರು. ಸ್ವಲ್ಪ ಆರಿದ ಮೇಲೆ ಅಂಗೈಯಿಂದ ಒತ್ತಿ ಒತ್ತಿ ನಾದಿದರು. ಮುದ್ದೆಯನ್ನು ಎರಡು ಕೈಯಲ್ಲಿ ಹಿಡಿದು ಎಳೆದು ನೋಡಿದರು. ತಟ್ಟನೆ ಹರಿಯಲಿಲ್ಲ, ಸ್ವಲ್ಪ ಜಗ್ಗಿತು. ಬಡಿಯುತ್ತಾ ಹೋದಂತೆ ರೊಟ್ಟಿ ಅಗಲವಾಯಿತು, ಅಂಚು ಸೀಳಲಿಲ್ಲ. ಹಂಚಿನ ಮೇಲೆ ಹಾಕಿ ಒದ್ದೆ ಬಟ್ಟೆಯಿಂದ ನೀರು ಸವರಿ, ತಿರುವಿ ಹಾಕಿದಾಗ ಉಬ್ಬಿ ನಿಂತಿತು.

"ಜಿಗಿ ಐತಿ" ಅಂದರು. ಅಷ್ಟೇ. ಅದುವರೆಗೆ ದೂರ ನಿಂತಿದ್ದ ನಾಲ್ಕೈದು ಮನೆಯವರು ಹತ್ತಿರ ಬಂದರು. ಎರೆಹುಳು ಮಾಡದ ಕೆಲಸ ಆ ರೊಟ್ಟಿ ಮಾಡಿತ್ತು.

ಆಮೇಲೆ ಚೌಕಾಸಿ. 2025-26ರ ಮಾಲದಂಡಿ ಬೆಂಬಲ ಬೆಲೆ ಕ್ವಿಂಟಲ್‌ಗೆ 3,749 ರೂಪಾಯಿ, ಅಂದರೆ ಕೆಜಿಗೆ ಮೂವತ್ತೇಳೂವರೆ. ನಾವು ಹೇಳಿದ್ದು 55. "ಅಂಗಡ್ಯಾಗ ಇದಕ್ಕಿಂತ ಕಡಿಮಿಗೆ ಸಿಗ್ತದಲ್ಲ" ಅಂದರು. ಈ 55 ಸುಮ್ನೆ ಬಾಯಿಗೆ ಬಂದದ್ದಲ್ಲ. ಕೀಳುವ ಆಳು, ರಾಶಿ ಮಷಿನ್ನು, ಹಸನು ಮಾಡುವಾಗ ಹೋಗುವ ಕಾಳು, ಚೀಲ, ಟಂಟಂ ಬಾಡಿಗೆ ಎಲ್ಲಾ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಕಣಿಕೆಯ, ಅಂದರೆ ದನಕ್ಕೆ ಹಾಕುವ ಜೋಳದ ದಂಟಿನ, ಹಣವನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸುವುದಿಲ್ಲ. ದನ ಇಟ್ಟವರಿಗೆ ಕಣಿಕೆಯೇ ಅರ್ಧ ಬೆಳೆ. ಅದರ ದುಡ್ಡು ತೋರಿಸಿ ಕಾಳಿನ ದರ ಇಳಿಸಿದರೆ ನಮ್ಮ ತಿಪ್ಪೆಗೆ ನಾವೇ ಮೋಸ ಮಾಡಿದಂತೆ.

ದರ ಇಳಿಸಲಿಲ್ಲ. ಆದರೆ ಟೀಚರ್ ಬಾಯಿಂದ ನಿಜವಾದ ತಕರಾರು ಬಂತು: "ವರ್ಷದ ಕಾಳು ಒಮ್ಮೆಲೇ ತಗೊಂಡ್ರ ಮಳಿಗಾಲದಾಗ ನುಸಿ ಬೀಳ್ತದ್ರಿ." ನಮ್ಮ ಕಡೆ ಸುಗ್ಗಿಯಲ್ಲೇ ವರ್ಷದ ಜೋಳ ತುಂಬಿಡುವ ರೂಢಿ. ಹಿಂದೆ ಕಾಳು ತುಂಬಿಡಲು ನೆಲದೊಳಗಿನ ಹಗೇವು ಇತ್ತು, ಈಗ ಎರಡನೇ ಮಹಡಿಯ ಅಡುಗೆಮನೆಯಲ್ಲಿ ಪ್ಲಾಸ್ಟಿಕ್ ಡಬ್ಬಿ. ಔಷಧ ಹಾಕದ ಕಾಳಿಗೆ ನುಸಿ ಬೇಗ ಬೀಳುತ್ತದೆ ಅನ್ನುವ ಭಯ ಸುಳ್ಳಲ್ಲ. ಅಲ್ಲೇ ನಿಂತು ಒಂದು ಮಾತಾಯಿತು: ಅರ್ಧ ದುಡ್ಡು ಈಗ ಕೊಡಿ. ಕಾಳು ನಮ್ಮಲ್ಲೇ ಇರಲಿ, ಗಾಳಿ ಆಡದ ಚೀಲದಲ್ಲಿ ಕಟ್ಟಿಡುತ್ತೇವೆ. ಮೂರು ಕಂತಿನಲ್ಲಿ ಮನೆಗೆ ಮುಟ್ಟಿಸುತ್ತೇವೆ. ನುಸಿ ಬಿದ್ದರೆ ನಮ್ಮ ಜವಾಬ್ದಾರಿ. ಅವರು ಒಪ್ಪಿದ್ದು ಈ ಕೊನೆಯ ಮಾತಿಗೆ ಅಂತ ನನಗೆ ಅನಿಸುತ್ತದೆ. ನಮಗೂ ಸುಗ್ಗಿಯಲ್ಲೇ ಆಳಿನ ಬಾಕಿ ತೀರಿಸಲು ಕೈಯಲ್ಲಿ ಕಾಸು ಬಂತು, ಸಾಲದ ಬಡ್ಡಿ ಉಳಿಯಿತು.

ಸರ್ಟಿಫಿಕೇಟ್ ಕೇಳಿದ್ದು ಬ್ಯಾಂಕ್ ನೌಕರಿಯ ಒಬ್ಬ ಹುಡುಗ. ನಾವು ಪಿಜಿಎಸ್ ಗುಂಪಿನಲ್ಲಿ ಇದ್ದೇವೆ. ಕನಿಷ್ಠ ಐದು ರೈತರು ಸೇರಿ ಗುಂಪು ಮಾಡಿಕೊಂಡು ಒಬ್ಬರ ಹೊಲವನ್ನು ಇನ್ನೊಬ್ಬರು ನೋಡಿ ಬರೆಯುವ ವ್ಯವಸ್ಥೆ ಅದು. ಮೂರನೆಯವರು ಬಂದು ತಪಾಸಣೆ ಮಾಡುವ ಪದ್ಧತಿಯಷ್ಟು ಖರ್ಚಿಲ್ಲ. ಆದರೆ ಪಕ್ಕದ ಹೊಲದವನೇ ಇನ್ಸ್‌ಪೆಕ್ಟರ್ ಆದರೆ ಸುಳ್ಳು ಹೇಳುವುದು ಕಷ್ಟ, ಅಲ್ವಾ? ವರ್ಷಕ್ಕೆ 12 ಲಕ್ಷದೊಳಗೆ ವಹಿವಾಟು ಇರುವ ಸಣ್ಣ ಬೆಳೆಗಾರ ತಿನ್ನುವವರಿಗೇ ನೇರವಾಗಿ ಮಾರಿದರೆ ಸಾವಯವ ಸರ್ಟಿಫಿಕೇಟ್ ಕಡ್ಡಾಯವಲ್ಲ, ಆದರೆ ಸಾವಯವ ಆಹಾರದ ಸರಕಾರಿ ಗುರುತಾದ ಜೈವಿಕ್ ಭಾರತ್ ಲೋಗೊ ಹಾಕುವಂತಿಲ್ಲ ಅಂತಲೂ ಹೇಳಿದೆ. ಹುಡುಗನಿಗೆ ಇದೆಲ್ಲ ಕೇಳಿ ಸಮಾಧಾನ ಆದಂತೆ ಕಾಣಲಿಲ್ಲ. "ಹೊಲ ನೋಡಬಹುದಾ?" ಅಂದ. ಎಳೆ ಜೋಳದ ತೆನೆ ಸುಟ್ಟು ತಿನ್ನುವ ಸೀತನಿ ಕಾಲಕ್ಕೆ ಬಾ ಅಂದೆ. ಹಾಲ್ದೆನೆ ಸುಟ್ಟು, ಉಜ್ಜಿ, ಶೇಂಗಾ ಹಿಂಡಿ ಮೊಸರಿನ ಜೊತೆ ತಿನ್ನುತ್ತಾ ಕುಸುಬಿ ಅಕ್ಕಡಿಯನ್ನೂ ನೋಡಿದಂತಾಗುತ್ತದೆ. ಈಗ ಆ ಕಾಲೊನಿಯ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಸೀತನಿ ಯಾವಾಗ ಅಂತಲೇ ಕೇಳುತ್ತಿದ್ದಾರೆ. ಈ ಸಲ ಬಿತ್ತುವ ಮೊದಲೇ ಯಾರಿಗೆ ಎಷ್ಟು ಬೇಕು ಅಂತ ಬರೆಸಿಕೊಂಡು, ಅದರ ಮೇಲೆ ಎಷ್ಟು ಎಕರೆ ಜೋಳ, ಎಷ್ಟು ಕಡಲೆ ಅಂತ ನಿರ್ಧಾರ ಮಾಡಿದ್ದೇವೆ.

ಒಂದು ವಿಷಯ ಮಾತ್ರ ಇತ್ಯರ್ಥ ಆಗಿಲ್ಲ. ಹಿಟ್ಟು ಮಾಡಿ ಕೊಡಿ ಅಂತ ಬಹಳ ಜನ ಕೇಳುತ್ತಾರೆ. ಹಿಟ್ಟಿನಲ್ಲಿ ಲಾಭ ಜಾಸ್ತಿ, ನನಗೆ ಆಸೆ. ಅವ್ವ ಒಪ್ಪುತ್ತಿಲ್ಲ. ಬೀಸಿದ ಹಿಟ್ಟು ಹಳೆಯದಾದಷ್ಟು ಜಿಗಿ ಹೋಗುತ್ತದೆ, ರೊಟ್ಟಿ ಹರಿದರೆ ಬೈಯುವುದು ನಮ್ಮ ಜೋಳವನ್ನೇ ಅನ್ನುವುದು ಅವಳ ವಾದ. ವಾರಕ್ಕೊಮ್ಮೆ ಆರ್ಡರ್ ಬಂದಷ್ಟೇ ಬೀಸಿಸಿ ಅದೇ ದಿನ ಮುಟ್ಟಿಸೋಣ ಅಂದೆ. "ಮುಟ್ಟಸವ್ರು ಯಾರು?" ಅಂತ ಕೇಳಿದಳು. ಟಂಟಂ ಬಾಡಿಗೆಯ ಲೆಕ್ಕ ಇನ್ನೂ ಹಾಕುತ್ತಿದ್ದೇನೆ.