ಸಣ್ಣ ಊರಲ್ಲಿ ಕಮ್ಮಿ ಖರ್ಚಿನ ವೆಯ್ಟ್ ಲಾಸ್ ಕ್ಲಿನಿಕ್ ಎಲ್ಲಿದೆ ಅಂತ ಕೇಳೋರಿಗೆ

"ಮೇಡಂ, ನಮ್ಮೂರು ಅಷ್ಟೇನ್ ದೊಡ್ಡದಲ್ಲ, ಡಾಕ್ಟರೇ ನೋಡ್ಕೊಂಡು ತೂಕ ಇಳ್ಸೋ ಕ್ಲಿನಿಕ್ ಇಲ್ಲಿ ಯಾವ್ದಾದ್ರೂ ಇದ್ಯಾ, ಜಾಸ್ತಿ ದುಡ್ಡು ಕೀಳ್ಬಾರ್ದು ಅಷ್ಟೇ." ನಾನು ಡಯಟೀಷಿಯನ್ ಅಂತ ಗೊತ್ತಾದ ತಕ್ಷಣ ಬರೋ ಪ್ರಶ್ನೆ ಇದು. ಪರಿಚಯ ಇಲ್ದೋರೂ ಯಾರ್ಯಾರ ಹತ್ರಾನೋ ನಂಬರ್ ಇಸ್ಕೊಂಡು ಕೇಳ್ತಾರೆ.

ನಾನು ಹೇಳೋದು ಇಷ್ಟೇ, ವೆಯ್ಟ್ ಲಾಸ್ ಅನ್ನೋ ಬೋರ್ಡ್ ಹುಡುಕೋಕೆ ಹೋಗ್ಬೇಡಿ. ಸಣ್ಣ ಊರಲ್ಲಿ ಆ ಬೋರ್ಡ್ ಇರೋ ಕಡೆ ಬಹಳಷ್ಟು ಸಲ ಸಿಗೋದು ಬೆಲ್ಟು, ಮಷೀನು, ಕೊಬ್ಬು ಕರಗ್ಸೋ ಇಂಜೆಕ್ಷನ್ನು, ಒಂದು ಪ್ಯಾಕೇಜು. ನಿಜವಾಗ್ಲೂ ಬೇಕಾದ ಟ್ರೀಟ್ಮೆಂಟ್ ಕೊಡೋ ಡಾಕ್ಟ್ರು ಪಕ್ಕದ ರಸ್ತೇಲಿ ಜನರಲ್ ಫಿಸಿಷಿಯನ್ ಅಂತ ಬರ್ಕೊಂಡು ಸುಮ್ನೆ ಕೂತಿರ್ತಾರೆ, ಬಿಪಿ ಶುಗರ್ ನೋಡೋ ಅದೇ ಡಾಕ್ಟ್ರು.

ಅವ್ರ ಕೈಲಿ ಆಗತ್ತಾ ಅಂತ ಅನುಮಾನ ಇದ್ದೋರಿಗೆ ನಾನು ಬ್ರಿಟನ್ನಿನ ಡೈರೆಕ್ಟ್ ಅನ್ನೋ ಸ್ಟಡಿ ಕಥೆ ಹೇಳ್ತೀನಿ. 2017ರಲ್ಲಿ ಅದ್ರ ಮೊದಲ ವರ್ಷದ ರಿಸಲ್ಟ್ ಬಂತು. ಟೈಪ್ 2 ಡಯಾಬಿಟಿಸ್ ಇದ್ದ, ತೂಕ ಜಾಸ್ತಿ ಇದ್ದ ಜನಕ್ಕೆ ಮಾಮೂಲಿ ಫ್ಯಾಮಿಲಿ ಡಾಕ್ಟ್ರ ಕ್ಲಿನಿಕ್‌ನಲ್ಲೇ, ಟ್ರೇನಿಂಗ್ ತಗೊಂಡ ನರ್ಸ್ ಅಥ್ವಾ ಡಯಟೀಷಿಯನ್ ಕೂತು ತೂಕ ಇಳಿಸಿದ್ರು. ಒಂದು ವರ್ಷಕ್ಕೆ ಅವ್ರಲ್ಲಿ 46% ಜನರ ಶುಗರ್ ಯಾವ ಮಾತ್ರೆನೂ ಇಲ್ದೆ ಹತೋಟಿಗೆ ಬಂದಿತ್ತು, 15 ಕೆಜಿ ಅಥ್ವಾ ಅದಕ್ಕಿಂತ ಜಾಸ್ತಿ ಇಳಿಸಿದವ್ರಲ್ಲಂತೂ 86%. ಅಲ್ಲಿ ಮಷೀನೂ ಇರ್ಲಿಲ್ಲ, ಬೆಲ್ಟೂ ಇರ್ಲಿಲ್ಲ (ನಾನೂ ಡಯಟೀಷಿಯನ್ನೇ ಆದ್ರಿಂದ ಇದು ಸ್ವಲ್ಪ ಸ್ವಾರ್ಥದ ಮಾತು ಅಂತ ಬೇಕಾದ್ರೆ ಅನ್ಕೊಳ್ಳಿ).

ಫಿಸಿಷಿಯನ್ ಹತ್ರ ಹೋಗೋದ್ರಲ್ಲಿ ಇನ್ನೊಂದು ಲಾಭ ಇದೆ. ಅವ್ರು ಮೊದ್ಲು ತೂಕ ಯಾಕೆ ಏರ್ತು ಅಂತ ನೋಡ್ತಾರೆ. ಥೈರಾಯ್ಡ್ ಇರ್ಬಹುದು, ಪಿಸಿಓಎಸ್ (ಹೆಂಗಸ್ರಲ್ಲಿ ಹಾರ್ಮೋನ್ ಏರುಪೇರಾಗೋ ತೊಂದ್ರೆ) ಇರ್ಬಹುದು, ನೀವು ಈಗಾಗ್ಲೇ ನುಂಗ್ತಿರೋ ಮಾತ್ರೆನೇ ಕಾರಣ ಇರ್ಬಹುದು. ಸ್ಟೆರಾಯ್ಡ್, ಇನ್ಸುಲಿನ್, ಕೆಲವು ಶುಗರ್ ಮಾತ್ರೆ, ಮನಸ್ಸಿನ ಕಾಯಿಲೆಗೆ ಕೊಡೋ ಓಲಾಂಜಪೀನ್ ತರದ್ದು, ಫಿಟ್ಸ್‌ಗೆ ಕೊಡೋ ವಾಲ್ಪ್ರೋಯೇಟ್, ಇವೆಲ್ಲ ತೂಕ ಏರಿಸ್ತವೆ, ಹಾಗಂತ ನೀವಾಗೇ ನಿಲ್ಸೋಕೆ ಹೋಗ್ಬೇಡಿ, ಬರ್ಕೊಟ್ಟ ಡಾಕ್ಟ್ರೇ ಬದಲಾಯಿಸ್ಬೇಕು. ಮೊದ್ಲಿಗೆ ಮಾಡ್ಸೋ ಟೆಸ್ಟ್ ಸಾಮಾನ್ಯವಾಗಿ ಎಚ್‌ಬಿಎ1ಸಿ (ಎರಡ್ಮೂರು ತಿಂಗಳ ಸರಾಸರಿ ಶುಗರ್), ಟಿಎಸ್‌ಎಚ್ (ಥೈರಾಯ್ಡ್), ಲಿಪಿಡ್ (ಕೊಲೆಸ್ಟ್ರಾಲ್), ಲಿವರ್, ಕ್ರಿಯಾಟಿನಿನ್ (ಕಿಡ್ನಿ), ಇಷ್ಟೇ. ಇತ್ತೀಚೆಗೆ ಮಾಡ್ಸಿದ ರಿಪೋರ್ಟ್ ಇದ್ರೆ ತಗೊಂಡೋಗಿ, ಅರ್ಧ ಖರ್ಚು ಅಲ್ಲೇ ಉಳಿಯತ್ತೆ.

ಇನ್ನು ದುಡ್ಡಿನ ವಿಷ್ಯ. ಜನ ಮೋಸ ಹೋಗೋದು ಮೊದಲ ತಿಂಗಳ ಆಫರ್ ನೋಡಿ. ಫೋನ್ ಮಾಡಿದ್ರೆ ರಿಸೆಪ್ಷನ್‌ನಲ್ಲಿ ಹೀಗೆ ಮಾತಾಡ್ತಾರೆ:

"ಒಂದು ವರ್ಷಕ್ಕೆ ಒಟ್ಟು ಎಷ್ಟಾಗತ್ತೆ?"
"ನೀವು ಒಂದ್ಸಲ ಬನ್ನಿ ಸರ್, ಬಾಡಿ ಅನಾಲಿಸಿಸ್ ಫ್ರೀ ಇದೆ."
"ಸರಿ, ಔಷಧಿ ಅದ್ರಲ್ಲೇ ಸೇರಿದ್ಯಾ?"
"ಬಂದ್ಮೇಲೆ ಸರ್ ಎಕ್ಸ್‌ಪ್ಲೇನ್ ಮಾಡ್ತಾರೆ ಸರ್."
"ಯಾವ ಔಷಧಿ ಅಂತಾದ್ರೂ ಹೇಳಿ."
"ಅದು ನಮ್ದೇ ಫಾರ್ಮುಲಾ ಸರ್."

ಅಷ್ಟು ಕೇಳಿದ್ಮೇಲೆ ಫೋನ್ ಇಟ್ಬಿಡಿ. ಔಷಧಿ ಹೆಸರು ಹೇಳದ ಜಾಗಕ್ಕೆ ಫ್ರೀಯಾಗಿ ಕರೆದ್ರೂ ಹೋಗ್ಬಾರ್ದು. ಸಿಬುಟ್ರಮೀನ್ ಅಂತ ತೂಕ ಇಳ್ಸೋ ಒಂದು ಮಾತ್ರೆ ಇತ್ತು, ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಅಪಾಯ ಅಂತ 2010ರಲ್ಲಿ ತುಂಬಾ ದೇಶಗಳಲ್ಲಿ ಮಾರ್ಕೆಟ್ಟಿಂದ ತೆಗೆದ್ರು, ಆಮೇಲೂ ಹರ್ಬಲ್ ಅಂತ ಮಾರೋ ಸ್ಲಿಮ್ಮಿಂಗ್ ಪುಡಿ ಮಾತ್ರೆಗಳಲ್ಲಿ ಅದೇ ಮತ್ತೆ ಮತ್ತೆ ಸಿಕ್ಕಿದೆ. ಎಚ್‌ಸಿಜಿ (ಪ್ರೆಗ್ನೆನ್ಸಿಲಿ ಮೈಯಲ್ಲಿ ಬರೋ ಹಾರ್ಮೋನ್) ಇಂಜೆಕ್ಷನ್ನಿಂದ ತೂಕ ಇಳಿಯತ್ತೆ ಅನ್ನೋದಕ್ಕೂ ಆಧಾರ ಇಲ್ಲ.

ಈಗ ಎಲ್ರೂ ಕೇಳೋ ವಾರಕ್ಕೊಂದು ಇಂಜೆಕ್ಷನ್, ಅಂದ್ರೆ ಸೆಮಾಗ್ಲುಟೈಡ್, ಅದು ಕೆಲಸ ಮಾಡತ್ತೆ, ಅದ್ರಲ್ಲಿ ಅನುಮಾನ ಇಲ್ಲ. 2021ರ ದೊಡ್ಡ ಟ್ರಯಲ್‌ನಲ್ಲಿ 68 ವಾರಕ್ಕೆ ಸರಾಸರಿ ಸುಮಾರು 15% ತೂಕ ಇಳೀತು. ಆದ್ರೆ ಲೆಕ್ಕ ಹೀಗಿದೆ ನೋಡಿ: 0.25 ಮಿಲಿಗ್ರಾಂನಿಂದ ಶುರು ಮಾಡಿ, 4 ವಾರಕ್ಕೊಂದ್ಸಲ ಏರಿಸ್ತಾ 0.5, 1, 1.7, ಕೊನೆಗೆ 2.4. ಎಷ್ಟೋ ಕಡೆ ಡೋಸ್ ಏರಿದ ಹಾಗೆ ರೇಟೂ ಏರತ್ತೆ, ಜಾಹೀರಾತಲ್ಲಿ ತೋರ್ಸೋದು ಮಾತ್ರ 0.25ರ ರೇಟು. ಇನ್ನೊಂದು, ಔಷಧಿ ಮತ್ತೆ ಜೊತೆಗಿದ್ದ ಡಯಟ್ ಸಲಹೆ ಎರಡೂ ನಿಲ್ಸಿದ ಮೇಲೆ ಒಂದೇ ವರ್ಷದಲ್ಲಿ ಇಳಿದ ತೂಕದ ಮೂರರಲ್ಲಿ ಎರಡು ಪಾಲು ವಾಪಸ್ ಬಂದಿದ್ದೂ ಅದೇ ಟ್ರಯಲ್ ಜನಕ್ಕೇನೇ. ಹಾಗಾಗಿ 3 ತಿಂಗಳಿಗೆ ಮಾತ್ರ ದುಡ್ಡು ಹೊಂದ್ಸಿ ಶುರು ಮಾಡೋದು ದಂಡ ಅಂತ ನನ್ನ ಅಭಿಪ್ರಾಯ. ವರ್ಷಗಟ್ಲೆ ಕೊಡೋಕೆ ಆಗಲ್ಲ ಅನ್ಸಿದ್ರೆ ಡಾಕ್ಟ್ರಿಗೆ ಮೊದಲ್ನೇ ದಿನಾನೇ ಹೇಳಿ, ಅದ್ರಲ್ಲಿ ನಾಚ್ಕೊಳ್ಳೋದೇನಿಲ್ಲ. ಆರ್ಲಿಸ್ಟಾಟ್ ಅಂತ ಹಳೇ ಮಾತ್ರೆ ಇದೆ, ಊಟದ ಜಿಡ್ಡಲ್ಲಿ ಸುಮಾರು 30% ಮೈಗೆ ಹತ್ತದ ಹಾಗೆ ತಡೆಯತ್ತೆ, ಇಳಿಯೋದು ಕಮ್ಮಿ, ಜಿಡ್ಡು ಜಾಸ್ತಿ ತಿಂದ್ರೆ ಹೊಟ್ಟೆ ಕೆಟ್ಟು ಟಾಯ್ಲೆಟ್ಟಿಗೆ ಓಡ್ಬೇಕಾಗತ್ತೆ, ಆದ್ರೂ ಕೆಲವ್ರಿಗೆ ಸರಿ ಹೋಗತ್ತೆ.

ಎಂಡೋಕ್ರಿನಾಲಜಿಸ್ಟ್, ಅಂದ್ರೆ ಹಾರ್ಮೋನ್ ಡಾಕ್ಟ್ರು, ಬೇಕೇ ಬೇಕು ಅನ್ನೋ ಕೇಸಾದ್ರೆ ದೊಡ್ಡ ಊರಿಗೆ ಒಂದ್ಸಲ ಹೋಗಿ ಬನ್ನಿ, ಆಮೇಲಿನದು ವಿಡಿಯೋ ಕಾಲಲ್ಲಿ ಆಗ್ಬಹುದು, ತೂಕ, ಬಿಪಿ, ರಕ್ತ ಪರೀಕ್ಷೆ ಎಲ್ಲ ನಿಮ್ಮೂರಲ್ಲೇ. ಮೆಡಿಕಲ್ ಕಾಲೇಜ್ ಆಸ್ಪತ್ರೆ ಹತ್ತಿರ ಇದ್ರೆ ಮೊದ್ಲು ಅಲ್ಲಿನ ಒಪಿಡಿಗೇ ಹೋಗಿ, ಕಾಯ್ಬೇಕಾಗತ್ತೆ, ಆದ್ರೆ ಸಾಮಾನ್ಯವಾಗಿ ಫೀಸ್ ಕಮ್ಮಿ.

ವಿಡಿಯೋ ಕಾಲಲ್ಲಿ ಇಂಜೆಕ್ಷನ್ ಬರ್ಕೊಡೋ ಯಾರೇ ಆಗ್ಲಿ, ನಿಮಗೆ ಪ್ಯಾಂಕ್ರಿಯಾಟೈಟಿಸ್ (ಮೇದೋಜೀರಕ ಗ್ರಂಥಿ ಊತ) ಆಗಿತ್ತಾ, ಮನೇಲಿ ಯಾರಿಗಾದ್ರೂ ಮೆಡುಲರಿ ಥೈರಾಯ್ಡ್ ಕ್ಯಾನ್ಸರ್ (ಥೈರಾಯ್ಡ್ ಕ್ಯಾನ್ಸರಲ್ಲಿ ಒಂದು ಅಪರೂಪದ ಬಗೆ) ಇತ್ತಾ, ಪ್ರೆಗ್ನೆನ್ಸಿ ಪ್ಲಾನ್ ಇದ್ಯಾ ಅಂತ ಕೇಳ್ದೇನೇ ಬರ್ಕೊಟ್ರೆ ಆ ಚೀಟಿ ತಗೊಂಡು ಮೆಡಿಕಲ್ ಸ್ಟೋರಿಗೆ ಹೋಗ್ಬೇಡಿ. ಮತ್ತೆ, ರಾತ್ರಿ ಹೊತ್ತು ಹೊಟ್ಟೆ ಜೋರಾಗಿ ನೋವು ಬಂದು ಬೆನ್ನಿಗೆ ಹೊಡೀತಾ ಇದ್ರೆ, ವಾಂತಿ ನಿಲ್ದೇ ಇದ್ರೆ (ಅದು ಪ್ಯಾಂಕ್ರಿಯಾಟೈಟಿಸ್ ಇರ್ಬಹುದು) ನಿಮ್ಮೂರಲ್ಲಿ ಯಾವ ಆಸ್ಪತ್ರೆಗೆ ಹೋಗ್ಬೇಕು ಅನ್ನೋದನ್ನ ಮೊದಲ ಇಂಜೆಕ್ಷನ್ ಹಾಕೊಳ್ಳೋ ಮುಂಚೆನೇ ಕೇಳಿ ಬರೆದಿಟ್ಕೊಳ್ಳಿ.