ಗೋಸುಂಬೆಗೆ ರಾತ್ರಿ ಅಂದರೆ ರಾತ್ರಿನೇ ಆಗಿರಬೇಕು

ಹೊಸೂರಿನಲ್ಲಿ ಚಳಿ ಶುರುವಾಯಿತೆಂದರೆ ಗೋಸುಂಬೆ ಸಾಕುವವರಿಂದ ನನಗೆ ಬರುವ ಪ್ರಶ್ನೆ ಒಂದೇ. "ಅಕ್ಕ, ರಾತ್ರಿ ಹೊತ್ತು ಗೋಸುಂಬೆಗೆ ಯಾವ ಬಲ್ಬ್ ಹಾಕ್ಲಿ?" ಯಾವುದೂ ಬೇಡ. ರಾತ್ರಿ ಅದಕ್ಕೆ ಬೇಕಾಗಿರುವುದು ಎರಡೇ: ಪೂರ್ತಿ ಕತ್ತಲು, ಹಗಲಿಗಿಂತ ಚೆನ್ನಾಗಿ ಇಳಿದ ತಂಪು.

ನನ್ನ ಹತ್ತಿರ ಇರುವುದು ವೇಲ್ಡ್ (veiled chameleon) ಜಾತಿಯ ಗಂಡು, ಹೆಸರು ಚೆಲುವ. ಕಾಗದಪತ್ರ ಇಟ್ಟುಕೊಂಡಿರುವ ಬ್ರೀಡರ್ ಹತ್ತಿರ ತಂದು, ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿದ್ದೇನೆ. ನಮ್ಮ ಹೊಲದ ಬೇಲಿಯಲ್ಲಿ ಸಿಗುವ ಗೋಸುಂಬೆಯನ್ನು ಮಾತ್ರ ಯಾರೂ ಹಿಡಿದು ತರಬೇಡಿ. ಅದನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.

ಚೆಲುವನ ಜಾತಿಯ ಮೂಲ ಯೆಮನ್ ಮತ್ತು ಸೌದಿ ಅರೇಬಿಯಾದ ನೈರುತ್ಯ ಭಾಗ. ಮರಳುಗಾಡಿನ ದೇಶ ಅಂತ ಕೇಳಿದ ತಕ್ಷಣ ಎಲ್ಲರೂ ಬಿಸಿ ಬೇಕು ಅಂದುಕೊಳ್ಳುತ್ತಾರೆ. ಆದರೆ ಅದು ಬೆಟ್ಟ, ಕಣಿವೆಗಳಲ್ಲೂ ಬದುಕುವ ಪ್ರಾಣಿ. ಅಲ್ಲಿ ಹಗಲು ಬಿಸಿಲು, ರಾತ್ರಿ ತಂಪು. ಹಗಲಲ್ಲಿ ಮೈ ಕಾಯಿಸುವ ಕೊಂಬೆಯ ಹತ್ತಿರ 29ರಿಂದ 31 ಡಿಗ್ರಿ, ಗೂಡಿನ ಉಳಿದ ಕಡೆ 22ರಿಂದ 26. ರಾತ್ರಿ 15ರಿಂದ 18ಕ್ಕೆ ಇಳಿದರೆ ಆರೋಗ್ಯವಾಗಿರುವ ದೊಡ್ಡ ಗೋಸುಂಬೆಗೆ ಅದು ಹಿತ. ಮಡಗಾಸ್ಕರ್‌ನ ಪ್ಯಾಂಥರ್ ಜಾತಿಗೆ ಸ್ವಲ್ಪ ಜಾಸ್ತಿ, 18ರಿಂದ 21 ಇಟ್ಟರೆ ಒಳ್ಳೆಯದು. ಮರಿಗಳಿಗೂ ಹುಷಾರಿಲ್ಲದವಕ್ಕೂ ಇಷ್ಟು ತಂಪು ಬೇಡ.

ನಾನು ಗುಲಾಬಿ ಪಾಲಿಹೌಸ್‌ನಲ್ಲಿ ಕೆಲಸ ಮಾಡುವವಳು. ರಾತ್ರಿಯ ಕನಿಷ್ಠ ಉಷ್ಣಾಂಶವನ್ನು ಬೆಳಿಗ್ಗೆ ಬರೆದಿಡುವುದು ಅಲ್ಲಿ ನಿತ್ಯದ ಕೆಲಸ. ಮನೆಯಲ್ಲೂ ಗೂಡಿನ ಒಳಗೆ, ಅವನು ಮಲಗುವ ಕೊಂಬೆಯ ಎತ್ತರದಲ್ಲೇ, ಕನಿಷ್ಠ ಉಷ್ಣಾಂಶ ತೋರಿಸುವ ಥರ್ಮಾಮೀಟರ್ ಕಟ್ಟಿದ್ದೇನೆ. ಗೋಡೆಗೆ ನೇತುಹಾಕಿದ್ದನ್ನು ನೋಡಿ ಲೆಕ್ಕ ಹಾಕಬೇಡಿ. ಜನವರಿಯಲ್ಲಿ ಹೊರಗೆ 15ರ ಆಸುಪಾಸು ಇದ್ದಾಗಲೂ ಕಿಟಕಿ ಮುಚ್ಚಿದ ನಮ್ಮ ರೂಮಿನೊಳಗೆ ಒಂದೆರಡು ಡಿಗ್ರಿ ಹೆಚ್ಚೇ ಇರುತ್ತದೆ. ಹೀಟರ್ ಯಾಕೆ ಬೇಕು ಹೇಳಿ?

ಈಗ ಬೆಳಕಿನ ಮಾತು. ಬಾಗಲೂರಿನ ಒಬ್ಬ ಹುಡುಗ ತನ್ನ ಗೂಡಿನ ಫೋಟೋ ಕಳಿಸಿದ್ದ. ದೇವರ ಮನೆಯಲ್ಲಿ ಹಾಕುವ ಕೆಂಪು ಝೀರೋ ಬಲ್ಬ್ ರಾತ್ರಿಯಿಡೀ ಉರಿಯುತ್ತಿತ್ತು. "ಅದಕ್ಕೆ ಕೆಂಪು ಕಾಣಿಸಲ್ಲ ಅಂತ ಅಂಗಡಿಯವರು ಹೇಳಿದ್ರು ಅಕ್ಕ" ಅಂದ. ಕಾಣಿಸುತ್ತದೆ! ಬಣ್ಣ ನೋಡುವುದರಲ್ಲಿ ಗೋಸುಂಬೆಯ ಕಣ್ಣು ನಮ್ಮದಕ್ಕಿಂತ ಒಂದು ಕೈ ಮೇಲು. ನಮಗೆ ಕಾಣದ ನೇರಳಾತೀತ ಬೆಳಕೂ ಅದಕ್ಕೆ ಕಾಣುತ್ತದೆ. ಕೆಂಪಾಗಲಿ, ನೀಲಿಯಾಗಲಿ, ಮೂನ್‌ಲೈಟ್ ಅಂತ ಮಾರುವ ಬಲ್ಬ್ ಆಗಲಿ, ಎಲ್ಲವೂ ನಿದ್ದೆ ಕೆಡಿಸುತ್ತವೆ. ಹೀಗೆ ದಿನಾ ನಿದ್ದೆಗೆಟ್ಟ ಪ್ರಾಣಿ ಹಗಲಲ್ಲಿ ಕಣ್ಣು ಮುಚ್ಚಿಕೊಂಡು ಕೂರುತ್ತದೆ, ಮೇವು ಬಿಡುತ್ತದೆ. ಹಗಲು ಹೊತ್ತು ಕಣ್ಣು ಮುಚ್ಚಿದ ಗೋಸುಂಬೆ ಕಂಡರೆ ಕಾಯುತ್ತಾ ಕೂರಬೇಡಿ, ಡಾಕ್ಟರ್ ಹತ್ತಿರ ಹೋಗಿ.

ನಮ್ಮಲ್ಲಿ ಬೆಳಿಗ್ಗೆ ಏಳಕ್ಕೆ ಯುವಿಬಿ ಟ್ಯೂಬ್, ಅಂದರೆ ಬಿಸಿಲಿನಲ್ಲಿರುವಂಥ ನೇರಳಾತೀತ ಕಿರಣ ಕೊಡುವ ದೀಪ, ಹತ್ತುತ್ತದೆ, ಸಂಜೆ ಏಳಕ್ಕೆ ಆರುತ್ತದೆ. ಟೈಮರ್ ಹಾಕಿಬಿಟ್ಟಿದ್ದೇನೆ. ಕಾಯಿಸುವ ಬಲ್ಬ್ ಅದಕ್ಕಿಂತ ಮೊದಲೇ ನಿಲ್ಲುತ್ತದೆ, ಗೂಡು ನಿಧಾನಕ್ಕೆ ತಣಿಯಲಿ ಅಂತ. ಯುವಿಬಿ ಇಲ್ಲದಿದ್ದರೆ ಡಿ3 ವಿಟಮಿನ್ ಆಗುವುದಿಲ್ಲ, ಕ್ಯಾಲ್ಸಿಯಂ ಹತ್ತುವುದಿಲ್ಲ, ಮೂಳೆ ಬಾಗುತ್ತದೆ. ಕಿಟಕಿ ಗಾಜಿನ ಮೂಲಕ ಬರುವ ಬಿಸಿಲನ್ನು ನಂಬಬೇಡಿ, ಗಾಜು ಆ ಕಿರಣವನ್ನು ತಡೆಯುತ್ತದೆ.

ಬಲ್ಬ್ ಆರಿದ ಮೇಲಿನ ಹೊತ್ತು ನನಗೆ ತುಂಬಾ ಇಷ್ಟ. ಚೆಲುವ ದಿನಾ ಅದೇ ತೆಳ್ಳನೆಯ ಕೊಂಬೆಗೆ ಹೋಗುತ್ತಾನೆ. ಬಾಲವನ್ನು ಚಕ್ಕುಲಿ ಹಾಗೆ ಸುತ್ತಿಕೊಳ್ಳುತ್ತಾನೆ. ಹೊರಗೆ ಉಬ್ಬಿಕೊಂಡಿದ್ದ ಕಣ್ಣು ಒಳಕ್ಕೆ ಸರಿಯುತ್ತದೆ, ರೆಪ್ಪೆಯ ನಡುವಿನ ಚಿಕ್ಕ ತೂತು ಮುಚ್ಚುತ್ತದೆ. ಆಮೇಲೆ ಮೈಯ ಪಟ್ಟೆಗಳೆಲ್ಲ ಮಾಸಿ, ಎಳೆ ಬಾಳೆಲೆಯ ಬಣ್ಣಕ್ಕೆ ಬರುತ್ತಾನೆ. ಡೆಂಕಣಿಕೋಟೆ ಕಡೆ ಅಜ್ಜಿ ಮನೆಯ ಹೊಲದ ಬೇಲಿಯಲ್ಲೂ ಹೀಗೇ, ಮಲಗಿದ ಗೋಸುಂಬೆ ಟಾರ್ಚ್ ಬೆಳಕಿಗೆ ಬಿಳಿಚಿಕೊಂಡು ಕಾಣುತ್ತದೆ.

ಗೂಡನ್ನು ಟಿವಿ ಇರುವ ಹಾಲಿನಲ್ಲಿ ಇಡಬೇಡಿ. ಹನ್ನೊಂದರವರೆಗೆ ಧಾರಾವಾಹಿ ನೋಡುವ ಮನೆಯಲ್ಲಿ ಅದಕ್ಕೆ ರಾತ್ರಿಯೇ ಆಗುವುದಿಲ್ಲ ಅಲ್ವಾ? ಬೀದಿ ದೀಪ ಬೀಳುವ ಕಿಟಕಿಗೆ ದಪ್ಪ ಪರದೆ ಹಾಕಿ. ಬೇರೆ ಜಾಗವೇ ಇಲ್ಲದಿದ್ದರೆ ಗೂಡಿನ ಮೂರು ಬದಿಗೆ ಬಟ್ಟೆ ಇಳಿಬಿಡಿ. ಗಾಳಿಗೆ ಒಂದು ಬದಿ, ಮೇಲ್ಭಾಗ ತೆರೆದಿರಲಿ.

ತೇವದ ವಿಷಯದಲ್ಲಿ ಮಾತ್ರ ಜೋಪಾನ. ತಂಪು ರಾತ್ರಿಯಲ್ಲಿ ಮಂಜು ಹಿಡಿದಂತೆ ತೇವ ಇದ್ದರೆ ಒಳ್ಳೆಯದು, ಬೆಳಿಗ್ಗೆ ಎಲೆ ಮೇಲಿನ ಹನಿ ನೆಕ್ಕುತ್ತದೆ. ಆದರೆ ಏಪ್ರಿಲ್, ಮೇನಲ್ಲಿ ರಾತ್ರಿಯೂ 22ರ ಕೆಳಗೆ ಇಳಿಯದಿದ್ದಾಗ ನಾನು ಫಾಗರ್ (ನೀರನ್ನು ಮಂಜಿನಂತೆ ಹರಡುವ ಯಂತ್ರ) ಮುಟ್ಟುವುದಿಲ್ಲ. ಸೆಕೆ ಮತ್ತು ತೇವ ಒಟ್ಟಿಗೆ ಸೇರಿದರೆ ಶ್ವಾಸಕೋಶಕ್ಕೆ ಸೋಂಕು ತಗಲುತ್ತದೆ. ಆಗ ಕಿಟಕಿ ತೆರೆದಿಟ್ಟು, ಬೆಳಗಿನ ಜಾವ ಒಂದು ಸಲ ನೀರು ಸಿಂಪಡಿಸಿದರೆ ಸಾಕು.

ಮರಿ ಇದ್ದು ರೂಮು ತೀರಾ ತಣ್ಣಗಾಗುತ್ತಿದ್ದರೆ ಬೆಳಕು ಕೊಡದ ಸೆರಾಮಿಕ್ ಹೀಟರ್ ಬಳಸಿ. ಬಿಸಿ ಮಿತಿ ಮೀರದಂತೆ ತಾನೇ ನೋಡಿಕೊಳ್ಳುವ ಥರ್ಮೋಸ್ಟ್ಯಾಟ್ ಇಲ್ಲದೆ ಹಾಕಲೇಬೇಡಿ. ಗೂಡಿನ ಹೊರಗೆ, ಜಾಲರಿಯಿಂದ ಅಂತರ ಬಿಟ್ಟು ಕಟ್ಟಿ. ಜಾಲರಿಗೆ ತಲೆಕೆಳಗಾಗಿ ನೇತಾಡುವ ಮರಿ ಬಿಸಿ ತಾಗಿದ ಕೂಡಲೇ ಸರಿಯುವುದಿಲ್ಲ, ಬೆನ್ನು ಸುಟ್ಟುಕೊಳ್ಳುತ್ತದೆ.