ಅಣ್ಣನ ಲೆಕ್ಕದ ಪುಸ್ತಕ

ಅಣ್ಣ ತೀರಿಕೊಂಡ ಮೇಲೆ ಅವನ ಬೀರು ತೆಗೆದಿದ್ದು ನಾನು ಮತ್ತು ತಮ್ಮ. ಪಾಸ್‌ಬುಕ್‌ಗಳು, ಎಫ್‌ಡಿ ರಸೀದಿಗಳು, ಮನೆಯ ಕ್ರಯಪತ್ರ, ಕರೆಂಟ್ ಬಿಲ್ಲುಗಳು. ಎಲ್ಲವನ್ನೂ ವರ್ಷವಾರು ಜೋಡಿಸಿ ಇಟ್ಟಿದ್ದ. ವಿಲ್ ಮಾತ್ರ ಇರಲಿಲ್ಲ. ಮೂರು ಸಲ ಹುಡುಕಿದೆವು. ಅಣ್ಣನಿಗೆ ಮದುವೆಯಾಗಿರಲಿಲ್ಲ, ಅಪ್ಪ ಅಮ್ಮ ಇಲ್ಲ, ಆಸ್ತಿಯೆಲ್ಲ ಅವನ ಸ್ವಂತ ದುಡಿಮೆಯದು.

ಬ್ಯಾಂಕಿನ ಹಣ, ಷೇರು ಇಷ್ಟೇ ಆಗಿದ್ದರೆ, ಅವನ್ನು ವಾರಸುದಾರರು ಪಡೆಯಲು ಕೋರ್ಟು ಕೊಡುವ ಸಕ್ಸೆಷನ್ ಸರ್ಟಿಫಿಕೇಟ್ ಸಾಕಾಗುತ್ತಿತ್ತು. ಇಲ್ಲಿ ಮನೆಯೂ ಇತ್ತು, ತೀರಿಸಬೇಕಾದ ಬಾಕಿಯೂ ಇತ್ತು. ಹಾಗಾಗಿ ವಕೀಲರು ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಷನ್‌ಗೆ ಅರ್ಜಿ ಹಾಕೋಣ ಅಂದರು. ತೀರಿಕೊಂಡವರ ಆಸ್ತಿಯನ್ನು ಒಟ್ಟುಮಾಡಿ, ಸಾಲ ತೀರಿಸಿ, ಹಂಚುವುದಕ್ಕೆ ಕೋರ್ಟು ಒಬ್ಬರಿಗೆ ಕೊಡುವ ಅಧಿಕಾರ ಅದು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಬರುತ್ತದೆ. ಅರ್ಜಿ ನನ್ನ ಹೆಸರಿನಲ್ಲಿ ಹೋಯಿತು.

ಸಂಬಂಧಪಟ್ಟವರು ಯಾರಿದ್ದರೂ ಬಂದು ಹೇಳಿ ಎಂದು ಕೋರ್ಟು ನೋಟಿಸ್ ಹೊರಡಿಸಿತು. ಒಂದು ಪ್ರತಿ ನ್ಯಾಯಾಲಯದ ಗೋಡೆಗೆ, ಇನ್ನೊಂದು ಜಿಲ್ಲಾಧಿಕಾರಿ ಕಚೇರಿಗೆ. "ಅಣ್ಣನ ಹೆಸರನ್ನ ಹೀಗೆ ಗೋಡೆಗೆ ಅಂಟಿಸಬೇಕಿತ್ತಾ ಅಕ್ಕ?" ಅಂತ ತಮ್ಮ ಕೇಳಿದ. ನನಗೂ ಹೊಟ್ಟೆಯಲ್ಲಿ ಸಂಕಟವಾಗಿತ್ತು. ಆದರೆ ಅಣ್ಣನಿಗೆ ಸಾಲ ಕೊಟ್ಟವರು ನಮಗೆ ಗೊತ್ತಿಲ್ಲದೆ ಇನ್ನೆಲ್ಲೋ ಇದ್ದರೆ, ಅವರಿಗೆ ತಿಳಿಯಲು ಬೇರೆ ದಾರಿ ಏನಿದೆ?

ಆಮೇಲೆ ಬಾಂಡ್. ಆಸ್ತಿಯನ್ನು ಸರಿಯಾಗಿ ನಿರ್ವಹಿಸುತ್ತೇನೆ ಎಂದು ಬರೆದುಕೊಡಬೇಕು, ಜಾಮೀನಿಗೆ ಒಬ್ಬರು ನಿಲ್ಲಬೇಕು. ಒಡಹುಟ್ಟಿದವನ ಆಸ್ತಿಗೆ ನನ್ನನ್ನೇ ನಂಬುವುದಿಲ್ಲವಾ ಎಂದು ಅವತ್ತು ಬೇಜಾರಾಯಿತು. ಜೊತೆಯಲ್ಲಿ ಕೆಲಸ ಮಾಡುವ ಗೆಳತಿಯೊಬ್ಬಳು ಜಾಮೀನು ನಿಂತಳು. ಅವಳು ಸಹಿ ಮಾಡುವುದನ್ನು ನೋಡಿದಾಗ ಬೇಜಾರು ಹೋಗಿ ಭಯ ಬಂತು. ನಾನು ತಪ್ಪಿದರೆ ಅವಳ ತಲೆಗೂ ಬರುತ್ತದೆ ಅಲ್ವಾ? ಅವತ್ತು ಸಂಜೆಯೇ ಒಂದು ದಪ್ಪ ನೋಟ್‌ಬುಕ್ ತಂದೆ.

ಸೆಕ್ಷನ್ 317ರ ಪ್ರಕಾರ ಅಧಿಕಾರ ಸಿಕ್ಕ 6 ತಿಂಗಳಲ್ಲಿ ಆಸ್ತಿ, ಸಾಲಗಳ ಪೂರ್ತಿ ಪಟ್ಟಿಯನ್ನು ಕೋರ್ಟಿಗೆ ಕೊಡಬೇಕು. ಒಂದು ವರ್ಷದೊಳಗೆ, ಏನು ಬಂತು, ಯಾವುದಕ್ಕೆ ಹೋಯಿತು ಎಂಬ ಲೆಕ್ಕ. ಕಾರಣವಿಲ್ಲದೆ ಕೊಡದಿದ್ದರೆ ಕೊಟ್ಟ ಅಧಿಕಾರವನ್ನೇ ವಾಪಸ್ ತೆಗೆದುಕೊಳ್ಳಬಹುದು. ಸುಳ್ಳು ಲೆಕ್ಕ ಕೊಟ್ಟರೆ ಕ್ರಿಮಿನಲ್ ಅಪರಾಧ.

ಪಟ್ಟಿ ಬರೆಯುವುದು ಕಷ್ಟದ ಕೆಲಸ. ಲೆಕ್ಕ ಕಷ್ಟ ಅಂತಲ್ಲ. ಅಣ್ಣನ ಕೈಗಡಿಯಾರವನ್ನು "ಹಳೆಯದು, 1" ಎಂದು ಬರೆಯಬೇಕು. ಅಕ್ಕನ ಮಗಳು ಮೊದಲ ತಿಂಗಳಲ್ಲೇ ಕೇಳಿದ್ದಳು, "ಚಿಕ್ಕಮ್ಮ, ಮಾಮನ ವಾಚು ನಾನಿಟ್ಟುಕೊಳ್ಳಲಾ?" ಈಗ ಬೇಡ ಕಣೇ ಅಂದೆ. ಆಸ್ಪತ್ರೆಯಲ್ಲಿ ಹನ್ನೊಂದು ರಾತ್ರಿ ಅವನ ಪಕ್ಕದಲ್ಲಿ ಕೂತವಳು ಅವಳು. ಅವಳಿಗೆ ಹಾಗೆ ಹೇಳಿದ ನೋವು ಇನ್ನೂ ಇದೆ.

ಅದಕ್ಕಿಂತ ದೊಡ್ಡ ನೋವು ಆಮೇಲೆ ಬಂತು. ನಮಗೆ ಅನ್ವಯವಾಗುವುದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ. ಹೆಂಡತಿ, ಮಕ್ಕಳು, ತಾಯಿ, ತಂದೆ ಯಾರೂ ಇಲ್ಲದ ಅಣ್ಣನ ಆಸ್ತಿ ಬದುಕಿರುವ ಒಡಹುಟ್ಟಿದವರಿಗೆ ಸಮನಾಗಿ ಬರುತ್ತದೆ. ನಮ್ಮಕ್ಕ ಅಣ್ಣನಿಗಿಂತ ಮುಂಚೆಯೇ ತೀರಿಹೋದಳು. ಅವಳ ಪಾಲು ಮಗಳಿಗೆ ಇಳಿಯುತ್ತದೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಇಳಿಯುವುದಿಲ್ಲ. ಸೋದರಿಯ ಮಗಳು ಕಾಯ್ದೆಯ ಪಟ್ಟಿಯಲ್ಲಿ ನಮಗಿಂತ ಕೆಳಗಿದ್ದಾಳೆ. ನಾವಿಬ್ಬರು ಇರುವ ತನಕ ಅವಳಿಗೆ ಏನೂ ಇಲ್ಲ. ಅಣ್ಣ ಒಂದು ಬಿಳಿ ಹಾಳೆಯಲ್ಲಿ ಎರಡು ಸಾಲು ಬರೆದು ಸಹಿ ಹಾಕಿ, ಇಬ್ಬರು ಸಾಕ್ಷಿಗಳಿಂದ ಸಹಿ ಮಾಡಿಸಿದ್ದರೂ ಸಾಕಿತ್ತು. ವಿಲ್‌ಗೆ ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. ಇದನ್ನು ಈಗ ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ.

ಸಾಲ ತೀರಿಸುವುದರಲ್ಲೂ ಒಂದು ಸರದಿ ಇದೆ. ಅಂತ್ಯಕ್ರಿಯೆ ಮತ್ತು ಕೊನೆಯ ಕಾಯಿಲೆಯ ಖರ್ಚು ಮೊದಲು. ನಂತರ ಕೋರ್ಟಿನ ಖರ್ಚು. ಅದಾದ ಮೇಲೆ, ತೀರಿಕೊಳ್ಳುವ ಮುಂಚಿನ 3 ತಿಂಗಳಲ್ಲಿ ಅವರಿಗೆ ದುಡಿದ ಕೂಲಿಯವರ, ಮನೆಗೆಲಸದವರ ಸಂಬಳ. ಬೇರೆ ಸಾಲಗಳು ಅದರ ನಂತರ. ಅಣ್ಣನ ಮನೆಗೆಲಸ ಮಾಡುತ್ತಿದ್ದ ಹೆಂಗಸಿಗೆ ಎರಡು ತಿಂಗಳ ಸಂಬಳ ಬಾಕಿಯಿತ್ತು. ಪಾಪ, ಬಾಯಿಬಿಟ್ಟು ಕೇಳಿರಲೇ ಇಲ್ಲ. ವಕೀಲರು 1925ರ ಕಾಯ್ದೆಯ ಸೆಕ್ಷನ್ 322 ತೆಗೆದು ಓದಿದಾಗ ನನ್ನ ಕಣ್ಣು ತುಂಬಿತು. ಹಿಂದಿನ ತಿಂಗಳುಗಳ ಸಂಬಳ ಅಣ್ಣನ ಡೈರಿಯಲ್ಲಿ ಬರೆದಿತ್ತು. ಅದೇ ದಾಖಲೆಯಾಯಿತು. ಬ್ಯಾಂಕಿನ ಸಾಲಕ್ಕೆ ಚೆಕ್ ಬರೆಯುವ ಮುಂಚೆ ಅವರ ಹಣ ಕೊಟ್ಟು ರಸೀದಿಗೆ ಹೆಬ್ಬೆಟ್ಟು ತೆಗೆದುಕೊಂಡೆ.

ಒಂದು ಸಲ ಮಾತ್ರ ನನಗೂ ತಮ್ಮನಿಗೂ ಮಾತು ಜೋರಾಯಿತು. ಮನೆ ಕೊಳ್ಳುವವರೊಬ್ಬರು ಬಂದಿದ್ದರು, ತಕ್ಷಣ ಮುಂಗಡ ಕೊಡುತ್ತೇವೆ ಅಂದರು. ಕೋರ್ಟಿನ ಅನುಮತಿ ಮೊದಲೇ ಪಡೆಯದೆ ನಾನು ಮನೆ ಮಾರುವ ಹಾಗಿಲ್ಲ, ಅಡ ಇಡುವ ಹಾಗಿಲ್ಲ, 5 ವರ್ಷಕ್ಕಿಂತ ಜಾಸ್ತಿ ಅವಧಿಗೆ ಬಾಡಿಗೆಗೆ ಕೊಡುವ ಹಾಗೂ ಇಲ್ಲ. ಹಾಗೆ ಮಾರಿದರೆ ಆಸ್ತಿಯಲ್ಲಿ ಹಕ್ಕಿರುವವರು ಅದನ್ನು ರದ್ದು ಮಾಡಿಸಬಹುದು. ತಮ್ಮ ಎರಡು ವಾರ ಫೋನ್ ಮಾಡಲಿಲ್ಲ. ಕೊಳ್ಳುವವರು ಬೇರೆ ಮನೆ ನೋಡಿಕೊಂಡರು.

ಅವನ ಸಿಟ್ಟು ಇಳಿಸಿದ್ದು ನನ್ನ ಮಾತಲ್ಲ, ಆ ನೋಟ್‌ಬುಕ್. ವರ್ಷದ ಲೆಕ್ಕ ಕೋರ್ಟಿಗೆ ಕೊಡುವ ಮುಂಚೆ ಅವನ ಮುಂದಿಟ್ಟೆ. ಒಂದೊಂದು ರಸೀದಿಯನ್ನೂ ತಿರುಗಿಸಿ ನೋಡಿದ. ಒಂದು ಕಡೆ ಕೂಡುವುದರಲ್ಲಿ ನಾನು ತಪ್ಪಿದ್ದೆ, ಅವನೇ ತಿದ್ದಿದ. ಕೋರ್ಟು ಕೇಳದಿದ್ದರೆ ನಾನು ಇಷ್ಟು ಬರೆದಿಡುತ್ತಿರಲಿಲ್ಲ. ಬರೆದಿಡದಿದ್ದರೆ ಅವನು ಸುಮ್ನೆ ನಂಬಬೇಕಿತ್ತು, ಇಲ್ಲವೇ ಒಳಗೊಳಗೇ ಅನುಮಾನಪಡಬೇಕಿತ್ತು.

ಮನೆ ಆಮೇಲೆ ಅನುಮತಿ ಪಡೆದೇ ಮಾರಿದೆವು. ಪಾಲು ಅವರವರ ಖಾತೆಗೆ ಬಂದ ಮೇಲೆ ತಮ್ಮನೇ ಅಕ್ಕನ ಮಗಳ ವಿಷಯ ತೆಗೆದು ಕೇಳಿದ, "ಅವಳಿಗೆ ಎಷ್ಟು ಕೊಡೋಣ ಅಕ್ಕ?" ಇಬ್ಬರೂ ನಮ್ಮ ನಮ್ಮ ಪಾಲಿನಲ್ಲಿ ಮೂರನೇ ಒಂದು ಭಾಗ ತೆಗೆದೆವು. ಮೂವರಿಗೂ ಸಮನಾಯಿತು. ಕೋರ್ಟಿನ ಲೆಕ್ಕದಲ್ಲಿ ಆ ಸಾಲು ಇಲ್ಲ, ಅದು ನಮ್ಮ ಹಣ. ವಾಚನ್ನು ತಮ್ಮನೇ ಹೋಗಿ ಅವಳ ಕೈಗೆ ಕೊಟ್ಟು ಬಂದ.